ಮೇಸ್ತ್ರಿ ಕಾರು ಕೊಡದ ಸಂಜೆ

ತೆಳು ದನಿ, ತಗ್ಗು ದನಿಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಈಕ್ವಲೈಸರಿನ ಗುಂಡಿಗಳನ್ನೆಲ್ಲ ತುತ್ತತುದಿಗೆ ಏರಿಸಿಟ್ಟರೆ ಹಾಡು ತುಂಬ ಚೆನ್ನಾಗಿ ಕೇಳಿಸುತ್ತದೆ ಎಂದು ನಾನು ನಂಬಿದ್ದೆ. ಎಲ್ಲ ವಿಷಯಕ್ಕೂ ನೂರಕ್ಕೆ ನೂರು ಬಂದ ಹಾಗೆ. ನನಗೆಂದೂ ಬಂದಿರಲಿಲ್ಲ, ಆಸೆ ಮಾತ್ರ ಇತ್ತು. ಕಾರುಗಳಿಗೆ ಸ್ಪೀಕರ್ ಕೂರಿಸುವ ಅಂಗಡಿಯಲ್ಲಿ ಬಿಲ್ ಬರೆಯುವ ಕೆಲಸಕ್ಕೆ ಸೇರಿದ ಹೊಸತರಲ್ಲಿ ಗಿರಾಕಿಯೊಬ್ಬರಿಗೆ ಹಾಗೇ ಮಾಡಿ ತೋರಿಸಿದೆ. ಅವರು ಕಿವಿ ಮುಚ್ಚಿಕೊಂಡು ಕಾರಿನಿಂದ ಇಳಿದರು.

"ಉಪ್ಪು, ಹುಳಿ, ಖಾರ ಡಬ್ಬಗಟ್ಟಲೆ ಸುರಿದ್ರೆ ಅದನ್ನ ಅಡುಗೆ ಅಂತಾರೇನೋ ಮಹರಾಯ?" ಎಂದರು ಮೇಸ್ತ್ರಿ.

ಮೇಸ್ತ್ರಿ ಎಂದರೆ ನಮ್ಮಂಗಡಿಯ ಫಿಟ್ಟರ್. ರೇಡಿಯೋ ರಿಪೇರಿಯಿಂದ ಶುರುವಾಗಿ, ಜೀವಮಾನವಿಡೀ ಗುಡುಗುವ ಸ್ಪೀಕರುಗಳ ಪಕ್ಕದಲ್ಲೇ ಕಳೆದವರು. ಡ್ಯಾಶ್‌ಬೋರ್ಡಿನಿಂದ ಸ್ಟೀರಿಯೋ ಸೆಟ್ಟನ್ನು ಎಳೆದು, ಅದರ ಕೆಳಗೆ ಈಕ್ವಲೈಸರ್ ಕೂರಿಸಿ, ಕರೆಂಟಿನ ವೈರನ್ನು ಒಂದು ಪಕ್ಕ, ಹಾಡಿನ ವೈರನ್ನು ಇನ್ನೊಂದು ಪಕ್ಕ ಒಯ್ಯುತ್ತಿದ್ದರು. "ಎರಡೂ ಜೊತೆಗೆ ಹೋದ್ರೆ ಎಂಜಿನ್ನೂ ಹಾಡೋಕೆ ಶುರು ಮಾಡುತ್ತೆ." ಆಮೇಲೆ ಅಂಗೈಯನ್ನು ಬಾಗಿಲಿಗೆ ಒತ್ತಿ, ಅದು ಅದುರುವ ಬಗೆಯಲ್ಲೇ ತಗ್ಗು ದನಿಗಳನ್ನು ಹದ ಮಾಡುತ್ತಿದ್ದರು. ಅಷ್ಟರಲ್ಲಿ ಊಟದ ಡಬ್ಬಿ ಹಿಡಿದು ಅವರ ಹೆಂಡತಿ ಬರುತ್ತಿದ್ದರು. ಡಬ್ಬಿ ನನ್ನ ಮೇಜಿಗೆ, ಅವರು ನೇರ ಡ್ರೈವರ್ ಸೀಟಿಗೆ.

"ಚುಚ್ತಿದೆ ಕಣ್ರೀ."

"ಈಗ?" ಮೇಸ್ತ್ರಿ ಒಂದು ಗುಂಡಿ ಇಳಿಸುತ್ತಿದ್ದರು.

"ಈಗ ಕಂಬಳಿ ಹೊದ್ಕೊಂಡು ಹಾಡ್ದಂಗಿದೆ."

"ನಿನ್ನ ಬಾಯಿಗೂ ಒಂದು ಗುಂಡಿ ಇದ್ದಿದ್ರೆ!"

"ಇದ್ದಿದ್ರೆ ನಿಮ್ಮ ಕೆಲಸ ಹೋಗಿರೋದು."

ಗಂಡ ಹೆಂಡಿರ ಸರಸ ಎಂದುಕೊಂಡು ನಾನು ಬಿಲ್ಲಿನಲ್ಲಿ ತಲೆ ಹುದುಗಿಸುತ್ತಿದ್ದೆ. ನನ್ನ ಬುದ್ಧಿ ಓಡುವುದು ಅಷ್ಟು ದೂರವೇ. ಒಂದು ದಿನ, ಕೀಲಿ ಅದರಲ್ಲೇ ಬಿಟ್ಟು ಬಾಗಿಲು ತೆರೆದಿದ್ದ ಕಾರೊಂದು ಪೀಂ ಪೀಂ ಎಂದು ಅರಚುತ್ತಲೇ ಇತ್ತು. ಒಳಗೆ ಕೂತಿದ್ದ ಮೇಸ್ತ್ರಿ ತಣ್ಣಗೆ ಸ್ಕ್ರೂ ತಿರುಗಿಸುತ್ತಿದ್ದರು. ನಾನು ಹೋಗಿ ಕೀಲಿ ಕಿತ್ತೆ. ಅವರು ನನ್ನ ಮುಖ ನೋಡಿದರು.

"ತೆಳು ದನಿ ಒಂದೂ ಕೇಳಲ್ಲ ಕಣೋ. ಸಾಹುಕಾರರಿಗೆ ಹೇಳ್ಬೇಡ."

ಅಂಗಡಿಯ ಸಾಹುಕಾರರು ಆಗಲೇ ಗುಡುಗಿದ್ದರು: ಕರ್ಕಶ ಅಂತ ಇನ್ನೊಂದು ಕಾರು ವಾಪಸ್ ಬಂದರೆ ಮೇಸ್ತ್ರಿ ಸೀಟ್ ಕವರ್ ಹೊಲಿಯುವ ಕಡೆಗೆ. ಸಂಬಳ ಅಲ್ಲಿಯೂ ಅಷ್ಟೇ. ಆದರೆ ಮೇಸ್ತ್ರಿಗೆ ಅದು ಬದುಕಿರುವಾಗಲೇ ಫೋಟೋ ಆಗಿ ಗೋಡೆ ಸೇರಿದ ಹಾಗೆ.

ಆ ವಾರವೇ ಅವರ ಹೆಂಡತಿ ಜ್ವರ ಬಂದು ಮಲಗಿದರು. ಅಂದೇ ಸಂಜೆಯೊಳಗೆ ಡಾಕ್ಟರಮ್ಮನೊಬ್ಬರ ಕಾರು ಕೊಡಬೇಕಿತ್ತು. ಮೇಸ್ತ್ರಿ ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಹೇಗಿದೆ ಎಂದು ಕೇಳಿದರು. ಚೆನ್ನಾಗಿದೆ ಅಂದೆ. ಗುಂಡಿ ಇಳಿಸಿ ಕೇಳಿದರು. ಅದೂ ಚೆನ್ನಾಗಿತ್ತು. ಏರಿಸಿದರು. ಅದಂತೂ ಇನ್ನೂ ಚೆನ್ನಾಗಿತ್ತು.

"ಇಳಿಯಪ್ಪ ಕೆಳಗೆ," ಎಂದು ಕೀಲಿಯನ್ನು ಜೇಬಿಗೆ ಹಾಕಿಕೊಂಡರು.

ಡಾಕ್ಟರಮ್ಮ ಬಂದಾಗ, "ಕೆಲಸ ಮುಗಿದಿಲ್ಲಮ್ಮ, ಆದ ಮೇಲೆ ಫೋನ್ ಮಾಡಿಸ್ತೀನಿ" ಎಂದರು. ವೈರೆಲ್ಲ ಕೂತಿತ್ತು, ಡ್ಯಾಶ್‌ಬೋರ್ಡ್ ಮುಚ್ಚಿತ್ತು, ಈಕ್ವಲೈಸರ್ ತನ್ನ ಜಾಗದಲ್ಲಿತ್ತು. ಸಾಹುಕಾರರು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದರು.

"ಎಲ್ಲಾ ಮುಗ್ದಿದೆಯಲ್ರೀ! ಒಂದು ಹಾಡು ಹಾಕಿ ನೋಡಿ ಕೊಟ್ಬಿಡಿ."

ಮೇಸ್ತ್ರಿ ಅಲ್ಲಾಡಲಿಲ್ಲ. ಜೇಬಿನ ಮೇಲಿಟ್ಟ ಕೈಯನ್ನೂ ತೆಗೆಯಲಿಲ್ಲ. ಸಾಹುಕಾರರು ಅವರನ್ನೇ ದಿಟ್ಟಿಸಿ, ಗಿರಾಕಿಯ ಎದುರಿಗೇ ಕೇಳಿಬಿಟ್ಟರು.

"ನಿಜ ಹೇಳಿ ಮೇಸ್ತ್ರಿ, ನಿಮ್ಮ ಕಿವಿ ಹೋಗಿದೆಯಾ?"

ಅವರ ಪರವಾಗಿ ಒಂದು ಸುಳ್ಳಾದರೂ ಹೇಳೋಣವೆಂದು ನಾನು ಬಾಯಿ ತೆರೆದೆ. ಹೊತ್ತಿಗೆ ಸರಿಯಾಗಿ ಒಂದೂ ಹೊಳೆಯಲಿಲ್ಲ.

"ಅರ್ಧ ಹೋಗಿದೆ," ಎಂದರು ಮೇಸ್ತ್ರಿ. "ಉಳಿದರ್ಧ ಮನೇಲಿ ಜ್ವರ ಬಂದು ಮಲಗಿದೆ. ಅವಳು ಎದ್ದು ಬಂದು, ಈ ಸೀಟಲ್ಲಿ ಕೂತು, ಸರಿ ಅನ್ನೋ ತನಕ ಕಾರು ಕೊಡಲ್ಲ."