ದನದ ಡಾಕ್ಟರಮ್ಮ ಹಾಕಿದ ಹೊಲಿಗೆ

ಊರಿನವರು ಆಕೆಯನ್ನು ಕರೆಯುತ್ತಿದ್ದದ್ದೇ ದನದ ಡಾಕ್ಟರಮ್ಮ ಎಂದು. ಅತ್ತೆಗೆ ಮಾತ್ರ ಆ ಹೆಸರು ಕಿವಿಗೆ ಬಿದ್ದರೆ ಮೈಯೆಲ್ಲ ಉರಿ. ನೆಂಟರ ಮುಂದೆ ‘ನಮ್ಮ ಸೊಸೆ ಡಾಕ್ಟರು’ ಎನ್ನುವರು. ಯಾವ ಕಾಯಿಲೆಗೆ ಎಂದು ಯಾರಾದರೂ ಕೇಳಿದರೆ ಮಾತು ಮರೆಸುವರು.

“ನನ್ನ ಪೇಷೆಂಟುಗಳು ಒದೀತಾವೆ ಅತ್ತೆ, ಆದ್ರೆ ಚಾಡಿ ಹೇಳಲ್ಲ” ಎಂದು ಸೊಸೆ ನಗುತ್ತಿದ್ದಳು.

ಭೂಮಿ ನಡುಗಿದಾಗ ಆಕೆ ಒಂದು ಎಮ್ಮೆಯ ಗೊರಸು ತೊಳೆಯುತ್ತಿದ್ದಳು. ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು. ಅದರ ಹಿಂದೆಯೇ ಎದುರು ಬೀದಿಯ ಮನೆಗಳ ಸಾಲು ಧೂಳಾಗಿ ಕುಸಿಯಿತು.

ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯ ಆವರಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೋಡೆಗಳು ಬಿರುಕು ಬಿಟ್ಟಿದ್ದರಿಂದ ಮಂಚಗಳನ್ನೆಲ್ಲ ಬಯಲಿಗೆ ಎಳೆದಿದ್ದರು. ಇದ್ದದ್ದು ಒಬ್ಬರೇ ಡಾಕ್ಟರು, ಇಬ್ಬರು ನರ್ಸುಗಳು. ಸೇತುವೆ ಮುರಿದು ಹೊರಗಿನಿಂದ ಒಂದು ಹತ್ತಿಯುಂಡೆಯೂ ಬರುವಂತಿರಲಿಲ್ಲ. ಕೈ ಜೋಡಿಸೋಣವೆಂದು ಆಕೆ ಹೋದಾಗ ಡಾಕ್ಟರು ಖಾಲಿ ಟ್ರೇ ಹಿಡಿದು ನಿಂತಿದ್ದರು.

“ಹೊಲಿಯೋ ದಾರ ಮುಗೀತು. ಮರಗಟ್ಟಿಸೋ ಇಂಜೆಕ್ಷನ್ನೂ ಇಲ್ಲ. ಇನ್ನು ಬಟ್ಟೆ ಕಟ್ಟಿ ಕೂತ್ಕೊಳ್ಳೋದೇ.”

“ನನ್ನ ಹತ್ರ ಎರಡೂ ಇದೆ.”

“ಅದು ದನಗಳದ್ದಲ್ವಾ ಮೇಡಂ?”

“ಔಷಧಿ ಅದೇ, ಅಳತೆ ಬೇರೆ. ಅಳತೆ ನೀವು ಹೇಳಿ, ಹೊಲಿಗೆ ನಾನೂ ಹಾಕ್ತೀನಿ.”

“ನಾಳೆ ಇಬ್ಬರ ಕುತ್ತಿಗೆಗೂ ಬರುತ್ತೆ.”

“ಬರ್ಲಿ. ಇವತ್ತು ಇವರ ಕುತ್ತಿಗೆಗೆ ಬಂದಿದೆ.”

ಡಾಕ್ಟರು ತಲೆಯಾಡಿಸಿದರು. ಆಕೆ ತನ್ನ ಮೇಲಧಿಕಾರಿಗೆ ಫೋನು ಮಾಡಿದಳು. ಮೇಲಿಂದ ಆದೇಶ ಬರುವವರೆಗೆ ಸ್ಟಾಕು ಮುಟ್ಟಕೂಡದು ಎಂದರು ಅವರು. “ಕೇಳಿಸ್ತು ಸಾರ್” ಎಂದು ಫೋನಿಟ್ಟು, ತನ್ನ ದನದ ಆಸ್ಪತ್ರೆಗೆ ಹೋಗಿ ಬೀರು ತೆಗೆದು, ಇದ್ದಬದ್ದದ್ದನ್ನೆಲ್ಲ ತಳ್ಳುಗಾಡಿಗೆ ತುಂಬಿಸಿದಳು.

ಸಾಮಾನು ಬಂತು, ಜನ ಒಪ್ಪಬೇಕಲ್ಲ. ತೊಡೆ ಸೀಳಿಕೊಂಡಿದ್ದ ಗಾರೆ ಕೆಲಸದವನೊಬ್ಬ ಮುಖ ತಿರುಗಿಸಿದ. “ನಾನೇನು ಎತ್ತಾ? ದನದ ಡಾಕ್ಟರಮ್ಮನ ಕೈಲಿ ಹೊಲಿಸ್ಕೊಳ್ಳಲ್ಲ.” ಸುತ್ತ ಮಲಗಿದ್ದವರೂ ಹಿಂಜರಿದರು.

ಹೆಂಚು ಬಿದ್ದು ಮುಂಗೈ ಸೀಳಿಕೊಂಡಿದ್ದ ಅತ್ತೆ ಅಲ್ಲೇ ಬೆಂಚಿನ ಮೇಲಿದ್ದರು. ಎದ್ದು ಬಂದು ಎಲ್ಲರೆದುರು ಕೈ ಚಾಚಿದರು. “ಮೊದಲು ನನಗೆ ಹಾಕಮ್ಮ. ನೋಡ್ಲಿ ಎಲ್ಲ.”

“ದಾರ ದಪ್ಪ ಇದೆ ಅತ್ತೆ, ಗುರುತು ಉಳಿಯುತ್ತೆ.”

“ಉಳೀಲಿ ಬಿಡು. ಈ ವಯಸ್ಸಲ್ಲಿ ನನ್ನನ್ನ ನೋಡೋಕೆ ಯಾರು ಬರ್ತಾರೆ?”

ಹೊಲಿಗೆ ಮುಗಿಯುವವರೆಗೂ ಅತ್ತೆ ಗಾರೆಯವನನ್ನೇ ದಿಟ್ಟಿಸುತ್ತಿದ್ದರು. ಕೊನೆಗೆ ಅವನೂ ಕಾಲು ಚಾಚಿದ. ಆಮೇಲೆ ಯಾರೂ ತಕರಾರೆತ್ತಲಿಲ್ಲ. ಡಾಕ್ಟರು ಒಂದು ಸಾಲಿನಲ್ಲಿ, ಆಕೆ ಇನ್ನೊಂದರಲ್ಲಿ, ಬೆರಳು ಸೆಟೆದುಕೊಳ್ಳುವವರೆಗೂ ಹೊಲಿದರು. ಎಲ್ಲರೂ ಉಳಿಯಲಿಲ್ಲ. ಬೇಕರಿಯವನ ಹೆಂಡತಿಗೆ ಬೇಕಾಗಿದ್ದದ್ದು ರಕ್ತ. ಅದು ಯಾರ ಬೀರುವಿನಲ್ಲೂ ಇರಲಿಲ್ಲ. ಡಾಕ್ಟರಮ್ಮ ಅವಳ ಕೈ ಹಿಡಿದು ಕೂತದ್ದಷ್ಟೇ ಆಯಿತು.

ಸೇತುವೆ ಸರಿಯಾದ ಮೇಲೆ ಪರಿಹಾರದ ಲಾರಿಗಳು ಬಂದವು, ಅವುಗಳ ಬೆನ್ನಿಗೇ ಮೇಲಧಿಕಾರಿಯೂ ಬಂದರು. ಕೆಟ್ಟ ಮನುಷ್ಯನೇನಲ್ಲ, ಹೆದರುಪುಕ್ಕಲ.

“ತಪ್ಪಾಯ್ತು ಅಂತ ಒಂದು ಮಾತು ಹೇಳಿಬಿಡಿ, ಇಲ್ಲಿಗೇ ಮುಗಿಸೋಣ.”

“ತಪ್ಪಾಗಿದ್ರೆ ಹೇಳ್ತಿದ್ದೆ ಸಾರ್.”

“ಅದು ಪ್ರಾಣಿಗಳ ಸ್ಟಾಕು ಕಣಮ್ಮ.”

“ಯಾವುದಾದ್ರೂ ಹಸು ದೂರು ಕೊಟ್ಟಿದ್ರೆ ಹೇಳಿ. ಅದರ ಕೊಟ್ಟಿಗೆಗೇ ಹೋಗಿ ಕ್ಷಮೆ ಕೇಳ್ತೀನಿ.”

ಬಾಗಿಲಲ್ಲಿ ನಿಂತಿದ್ದ ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಅಧಿಕಾರಿ ನಗಲಿಲ್ಲ. ಸ್ವಲ್ಪ ದಿನಕ್ಕೇ ಆಕೆಗೆ ದೂರದ ಊರಿಗೆ ವರ್ಗವಾಯಿತು.

ಹೊಸ ಊರಿನಲ್ಲಿ ಬಸ್ಸಿಳಿದವಳು ತನ್ನ ಕಚೇರಿ ಎಲ್ಲಿದೆ ಎಂದು ಕೇಳಲಿಲ್ಲ. ಆಸ್ಪತ್ರೆಯ ದಾರಿ ಕೇಳಿ, ಬ್ಯಾಗು ಹೊತ್ತುಕೊಂಡೇ ಒಳಗೆ ಹೋದಳು.

“ನಾನು ಹೊಸ ದನದ ಡಾಕ್ಟರು” ಎಂದಳು ಅಲ್ಲಿದ್ದ ನರ್ಸಿಗೆ. “ಹೊಲಿಯೋ ದಾರ ಎಷ್ಟಿದೆ ನಿಮ್ಮಲ್ಲಿ? ಮುಗಿದ್ರೆ ಯಾರ ಅಪ್ಪಣೆಗೂ ಕಾಯ್ಬೇಡಿ. ಸೀದಾ ನನ್ನ ಹತ್ರ ಬನ್ನಿ.”