ಸೆರಗಿನ ಕಲೆ ಮತ್ತು ಚುಕ್ಕೆ ಬಿಡದ ಫೋಟೋ

ಫೋನಿನಲ್ಲಿ ಟೈಪು ಮಾಡಲು ಕಲಿತ ಅಜ್ಜಿ ಮೊದಲು ಯಾರಿಗೆ ಮೆಸೇಜು ಕಳಿಸುತ್ತಾಳೆ, ಹೇಳಿ ನೋಡೋಣ? ನಾನು ಕುಲಶೇಖರದಲ್ಲಿರುವ ನಾದಿನಿಗೆ ಕಳಿಸಿದೆ: "ನಾಳೆ ಬರ್ತೇನೆ. ಸಾಕ್ಷಿ ಉಂಟು."

ನಮ್ಮ ಮನೆಯ ಸೀಮಂತಕ್ಕೆ ನನ್ನದೇ ರೇಷ್ಮೆ ಸೀರೆ ಉಟ್ಟವಳು, ಸೆರಗಿಗೆ ಕೋಳಿ ಗಸಿಯ ಕೆಂಪು ಸಾರಿನ ಕಲೆ ಮಾಡಿ ಹಿಂದೆ ಕೊಟ್ಟಿದ್ದಳು. ಕೇಳಿದರೆ ಕಲೆ ಮೊದಲೇ ಇತ್ತಂತೆ. ಫ್ಯಾಮಿಲಿ ಗ್ರೂಪಿಗೆ ಬಂದ ಊಟದ ಫೋಟೋ ಮಸುಕಾಗಿತ್ತು, ಸೆರಗು ಸರಿ ಕಾಣುತ್ತಿರಲಿಲ್ಲ. ಆರು ತಿಂಗಳು ಹಲ್ಲು ಕಚ್ಚಿ ಕೂತಿದ್ದೆ.

ಫೋನಿನ ಚಿಪ್ ವಿನ್ಯಾಸ ಮಾಡುವ ಮೊಮ್ಮಗಳು ಒಂದು ದಿನ ತನ್ನ ಕೆಲಸದ ಬಗ್ಗೆ ಹೇಳಿದಳು. "ಅಜ್ಜಿ, ಫೋಟೋ ಫೋನಿನ ಒಳಗೆ ಮೆಮೊರಿಗೂ ಸ್ಕ್ರೀನಿಗೂ ಓಡಾಡ್ತಾ ಇರ್ತದೆ. ಆ ಓಟಕ್ಕೆ ಬ್ಯಾಟರಿ ಮುಗಿಯೋದು. ಅದಕ್ಕೆ ನಾವು ಅದನ್ನು ಸಣ್ಣಗೆ ಮಡಚಿ ಓಡಿಸ್ತೇವೆ. ಬಿಡಿಸಿದಾಗ ಚಿತ್ರದ ಒಂದು ಚುಕ್ಕೆಯೂ ಕಮ್ಮಿ ಆಗಬಾರದು. ಗ್ರೂಪಿಗೆ ಹೋಗುವಾಗ ಹಾಗಲ್ಲ, ಚುಕ್ಕೆಗಳನ್ನೇ ಬಿಸಾಡ್ತಾರೆ."

"ಸೀಮಂತದ ಫೋಟೋ, ಚುಕ್ಕೆ ಬಿಸಾಡದ್ದು ಉಂಟಾ?"

"ಉಂಟು. ತೆಗೆದದ್ದೇ ನಾನಲ್ವಾ."

ಮರುದಿನ ನಾದಿನಿಯ ಎದುರು ಕೂತು, ಎರಡು ಬೆರಳಲ್ಲಿ ಫೋಟೋ ದೊಡ್ಡದು ಮಾಡಿದೆ. ಊಟಕ್ಕೆ ಕೂತ ಅವಳ ಸೆರಗಿನ ಮೇಲೆ ಗಸಿ ಆಗಷ್ಟೇ ಬಿದ್ದು ಹೊಳೆಯುತ್ತಿತ್ತು. ಅವಳ ಮುಖ ಸಣ್ಣದಾಗುವುದನ್ನು ಕಾಯುತ್ತಾ ಕೂತೆ.

ಅವಳು ಕನ್ನಡಕ ಹಾಕಿ, ಫೋಟೋವನ್ನು ಬೆರಳಿನಿಂದ ಸ್ವಲ್ಪ ಕೆಳಗೆ ಸರಿಸಿದಳು.

"ಕಲೆ ಅವತ್ತಿನದ್ದೇ, ಒಪ್ಪಿದೆ ಅತ್ತಿಗೆ. ಆದರೆ ಮೇಲೆ ಸೌಟಿನಿಂದ ಗಸಿ ಸುರೀತಾ ಉಂಟಲ್ಲ, ಆ ಬಡಿಸುವ ಕೈಯಲ್ಲಿ ನಿಮ್ಮ ಹವಳದ ಬಳೆ ಎಂತಕ್ಕೆ ಉಂಟು?"