ಕಸ್ತೂರಿಯನ್ನು ಎಲ್ಲಿ ಕೂರಿಸುವುದು?

ಮೊದಲ ದಿನ ನಾಲ್ಕನೇ ತರಗತಿಯ ಹಿಂದಿನ ಗೋಡೆಗೆ ಒರಗಿ ನೆಲದ ಮೇಲೆ ಕೂತೆ. ಕೂತಿದ್ದೇ ತಡ, ಟೀಚರು ಮಕ್ಕಳಿಗೆ, "ಸಾಲಿ ನೋಡಾಕ ಬಂದವ್ರಿಗೆ ಬೆನ್ನ ತೋರಸ್ತಾರೇನು? ತಿರುಗಿ ಕುಂಡರ್ರಿ!" ಎಂದು ಗದರಿದರು. ಇಡೀ ತರಗತಿ ಕರಿಹಲಗೆಗೆ ಬೆನ್ನು ಹಾಕಿ ನನ್ನತ್ತ ತಿರುಗಿತು. ಪಾಠ ನೋಡಲು ಬಂದವಳನ್ನೇ ಮಕ್ಕಳು ಕಣ್ಣು ಮಿಟುಕಿಸದೆ ನೋಡತೊಡಗಿದರು. ಹೀಗಾದರೆ ಏನು ಮಾಡಬೇಕೆಂದು ನನ್ನ ತರಬೇತಿಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ನಂಜನಗೂಡು ಬಿಟ್ಟು ಬಸವನ ಬಾಗೇವಾಡಿಗೆ ಬಂದು ಈಗ ಎರಡನೇ ವರ್ಷ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲ್ಲೂಕುಗಳ ಕೆಲವು ಶಾಲೆಗಳಿಗೆ ಹೋಗಿ, ಮಕ್ಕಳಿಗೆ ಓದು ಬರಹ ಕಲಿಸುವ ಶಿಕ್ಷಕರ ಪಾಠ ನೋಡಿ, ಅವರ ಜೊತೆ ಕೂತು ಸಲಹೆ ಕೊಡುವುದು ಸಂಸ್ಥೆಯೊಂದರಲ್ಲಿ ನನ್ನ ಕೆಲಸ. ಸಲಹೆ ಕೊಡುವವಳಿಗೆ ಮೊದಲು ಒಂದು ಸೂರು ಸಿಗಬೇಕಲ್ಲ! ಒಂಟಿ ಹೆಂಗಸು ಎಂದ ಕೂಡಲೇ ಹಲವರು ಮುಖ ತಿರುಗಿಸಿದರು. ಕೊನೆಗೆ ಕೋಣೆ ಕೊಟ್ಟ ನೀಲಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಜ್ವಾಳದ ರೊಟ್ಟಿ ತಿಂತೀಯೋ ಇಲ್ಲೋ, ಯವ್ವಾ?" ತಿಂತೀನಿ ಎಂದು ಸುಳ್ಳು ಹೇಳಿದೆ. ಮುದ್ದೆ ನುಂಗಿ ಬೆಳೆದ ನನಗೆ ಕಡಕ್ ರೊಟ್ಟಿಯನ್ನು ಅಗಿಯುವಷ್ಟರಲ್ಲಿ ದವಡೆ ನೋಯುತ್ತಿತ್ತು. ನಮ್ಮ ಕಡೆ ಜಗಳಕ್ಕೆ ಬಳಸುವ ದನಿಯಲ್ಲಿ ಇಲ್ಲಿಯವರು ಊಟಕ್ಕೆ ಕರೆಯುತ್ತಾರೆ. ಯಾರು ಬೈದರು, ಯಾರು ಅಕ್ಕರೆ ತೋರಿದರು ಎಂದು ತಿಳಿಯದೆ ಎಷ್ಟೋ ದಿನ ಸುಮ್ಮನೆ ಅತ್ತಿದ್ದೇನೆ.

ಮೊದಲ ದಿನ ಮಕ್ಕಳನ್ನು ತಿರುಗಿಸಿದ ಟೀಚರ ಹೆಸರು ಮಹಾನಂದಾ. ಇಲ್ಲಿ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ಅವರ ಶಾಲೆ ಮುದ್ದೇಬಿಹಾಳದ ಕಡೆಯ ಒಂದು ಹಳ್ಳಿಯಲ್ಲಿ. ನಾನು ಹೋಗುತ್ತಿದ್ದುದು ಬುಧವಾರ. ಕೆಲವೇ ವಾರಗಳಲ್ಲಿ ಅವರ ಮಕ್ಕಳು ಕಂಠಪಾಠ ಬಿಟ್ಟು, ಒಂದೊಂದು ಪದಕ್ಕೂ ಬೆರಳಿಟ್ಟು ತಾವೇ ಓದತೊಡಗಿದರು. ನಾನು ಹಿಗ್ಗಿ ಹೀರೇಕಾಯಿಯಾದೆ. ಅಮ್ಮನಿಗೆ ಫೋನು ಮಾಡಿ ಕೊಚ್ಚಿಕೊಂಡೆ, ಆಫೀಸಿನಲ್ಲೂ ಹೇಳಿಕೊಂಡೆ.

ಒಂದು ಸೋಮವಾರ ನಾಲತವಾಡಕ್ಕೆ ಹೊರಟಿದ್ದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಅಕ್ಕೋರ ಶಾಲೆ ಹತ್ತಿರವೇ ಇತ್ತು, ನಡೆದುಕೊಂಡು ಹೋದೆ. ತರಗತಿ ಎಂದಿಗಿಂತ ತುಂಬಿತ್ತು. ನಾನು ಒಮ್ಮೆಯೂ ನೋಡಿರದ ಐದಾರು ಮಕ್ಕಳು ಮುಂದೆ ಕೂತಿದ್ದರು. ಅವರಲ್ಲಿ ಕಸ್ತೂರಿ ಎಂಬ ಹುಡುಗಿಯನ್ನು ಅಕ್ಕೋರು ಪಕ್ಕಕ್ಕೆ ಎಳೆದುಕೊಂಡು, ನಾನು ಹೇಳಿಕೊಟ್ಟ ಹಾಗೆಯೇ, ತಡವರಿಸಿದರೂ ಪದವನ್ನು ತಾವು ಹೇಳಿಬಿಡದೆ, ತಾಳ್ಮೆಯಿಂದ ಓದಿಸುತ್ತಿದ್ದರು.

"ಬುಧವಾರ ಇವರೆಲ್ಲ ಎಲ್ಲಿರ್ತಾರೆ ಅಕ್ಕೋರೆ?"

"ಐದನೇ ವರ್ಗದಾಗ ಕುಂಡ್ರಸ್ತೇನ್ರಿ. ಇವ್ರಿಗೆ ಇನ್ನಾ ಓದಾಕ ಬರೂದಿಲ್ಲಲ್ರಿ." ಅವರ ದನಿಯಲ್ಲಿ ಅಳುಕೇ ಇರಲಿಲ್ಲ.

"ನಾನು ಬರೋದೇ ಇಂಥವರಿಗೋಸ್ಕರ ಅಲ್ವಾ?"

"ಖರೇರಿ. ಆದ್ರ ಬಂದವ್ರ ಮುಂದ ಈ ಹುಡುಗಿ ತೊದಲಿದ್ರ ಆಕಿ ಮಾರಿ ಸಣ್ಣದಾಗತೈತಿ. ನೀವೂ ಅಷ್ಟು ದೂರದಿಂದ ಬಂದು ಬ್ಯಾಸರಾ ಮಾಡ್ಕೊಂಡು ಹೋಗ್ತೀರಿ. ಯಾಕ ಬೇಕ್ರಿ?"

ನನಗೆ ಸಿಟ್ಟು ಬಂತು. ಆದರೆ ಯಾರ ಮೇಲೆಂದು ತಿಳಿಯಲಿಲ್ಲ. ಇದು ಮೋಸವೋ, ನನಗೆ ಮಾಡಿದ ಮರ್ಯಾದೆಯೋ, ಹುಡುಗಿಯ ಮಾನ ಕಾಯುವ ಕರುಣೆಯೋ? ನಮ್ಮ ಕಡೆಯಾದರೆ ಮೇಲಿನವರಿಗೆ ಹೆದರಿ ಹೀಗೆ ಮಾಡುತ್ತಾರೆ. ಇವರು ನನಗೆ ಹೆದರಿದವರೇ ಅಲ್ಲ. ಏನೇ ಇರಲಿ, ನಾನು ಬಂದ ದಿನವೇ ಕಸ್ತೂರಿಗೆ ಓದಿನ ಪಾಠ ತಪ್ಪುತ್ತಿತ್ತು. ಇನ್ನು ಮೇಲೆ ಕಳಿಸಬೇಡಿ ಎಂದು ಕೇಳಿಕೊಂಡೆ. ಅಕ್ಕೋರು ಯೋಚಿಸಿ ಒಪ್ಪಿದರು, ಒಂದು ಷರತ್ತಿನ ಮೇಲೆ: "ಆಕಿ ಓದುಮುಂದ ನೀವು ಆಕಿ ಮಾರಿ ನೋಡಬಾರ್ದ್ರಿ." ಹಾಗಾಗಿ ಪಾಠ ನೋಡುವುದಕ್ಕೇ ಸಂಬಳ ಪಡೆಯುವ ನಾನು, ಕಸ್ತೂರಿ ಬಾಯಿ ತೆರೆದಾಗಲೆಲ್ಲ ಅವಳ ಮುಖ ಬಿಟ್ಟು ಕಿಟಕಿಯಾಚೆ ನೋಡುತ್ತಾ ಕೂತೆ. ಮೊದಮೊದಲು ಏನೂ ಕೇಳಿಸುತ್ತಿರಲಿಲ್ಲ. ಬೇಸಿಗೆಯ ಹೊತ್ತಿಗೆ ಸಣ್ಣ ವಾಕ್ಯಗಳು ಕೇಳಿಸತೊಡಗಿದವು.

ಹೋದ ತಿಂಗಳು ನಮ್ಮ ಆಫೀಸಿನ ಹಿರಿಯರೊಬ್ಬರು ಬೆಂಗಳೂರಿನಿಂದ ಶಾಲೆ ನೋಡಲು ಬರುವರೆಂದಾಯಿತು. ಹಿಂದಿನ ದಿನ ಅಕ್ಕೋರಿಗೆ ಫೋನು ಮಾಡಿ ತಿಳಿಸಿದೆ.

"ಕಸ್ತೂರಿನ್ನ ಎಲ್ಲಿ ಕುಂಡ್ರಸೂಣ್ರಿ?" ಎಂದರು.

ಅಷ್ಟು ದಿನ ಉಪದೇಶ ಮಾಡಿದವಳಿಗೇ ಈಗ ಅಳುಕು ಶುರುವಾಯಿತು. ಅಪರಿಚಿತರ ಮುಂದೆ ತಡವರಿಸಿ ಹುಡುಗಿ ಮತ್ತೆ ಬಾಯಿ ಮುಚ್ಚಿಬಿಟ್ಟರೆ? ನಿಜ ಹೇಳಬೇಕೆಂದರೆ ನನ್ನ ಮಾನದ ಯೋಚನೆಯೂ ಇತ್ತು. "ನೀವೇ ಹೇಳಿ" ಎಂದು ನುಣುಚಿಕೊಂಡೆ. "ಆಕಿನ್ನ ಕೇಳ್ತೇನಿ ತಡೀರಿ" ಎಂದು ಅಕ್ಕೋರು ಫೋನಿಟ್ಟರು.

ಮರುದಿನ ನಾವು ಹೋದಾಗ ಕಸ್ತೂರಿ ತಾನೇ ಒಪ್ಪಿ ತರಗತಿಯಲ್ಲೇ ಕೂತಿದ್ದಳು. ಬಂದವರು ಅವಳನ್ನೇ ಎಬ್ಬಿಸಿದರು. ಎರಡು ಸಾಲು ಓದಿದಳು, ಮೂರನೆಯದರಲ್ಲಿ ಬೆರಳು ನಿಂತಿತು. ಅವರು ಒಳ್ಳೆಯ ಮನಸ್ಸಿನಿಂದಲೇ ಬಗ್ಗಿ ಆ ಪದವನ್ನು ಹೇಳಿಕೊಟ್ಟರು. ಕಸ್ತೂರಿ ಪುಸ್ತಕ ಮುಚ್ಚಿದಳು.

"ತಡೀರಿ ಸರ್, ಆಕಿ ಓದ್ತಾಳ!"

ಹೇಳಿದ್ದು ನಾನೇ, ಇಲ್ಲಿಯವರ ಮಾತಿನಲ್ಲಿ. ದನಿ ಎಷ್ಟು ಒರಟಾಗಿತ್ತೆಂದರೆ ಅವರು ಒಂದು ಹೆಜ್ಜೆ ಹಿಂದೆ ಸರಿದರು. ಕಸ್ತೂರಿ ಅಕ್ಕೋರ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ಪುಸ್ತಕ ತೆರೆದು ಆ ಸಾಲನ್ನು ಮೊದಲಿನಿಂದ ಕೊನೆಯವರೆಗೆ ಓದಿ ಕೂತಳು.

ಹೊರಗೆ ಬಂದಾಗ ಹಿರಿಯರು ನಗುತ್ತಾ, "ನೀವೂ ಈ ಕಡೆಯವರೇನಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕೋರು, "ಇಲ್ರಿ, ಇವ್ರು ಮೈಸೂರ ಕಡಿಯವ್ರು" ಎಂದರು.

ಅವರು ಹೇಳಿದ್ದು ಸುಳ್ಳೇನಲ್ಲ. ಆದರೂ ಅಷ್ಟು ಬೇಗ ಹೇಳಬಾರದಿತ್ತು.